ಟಿಫಿನ್ ಡಬ್ಬಿಯೊಳಗಿನ ಬಲಗೈ

ಮೊನ್ನೆ ಊಟದ ಬಿಡುವಿನಲ್ಲಿ, ನಮ್ಮ ಶಾಲೆಗೆ ಹೊಸದಾಗಿ ಬಂದಿರುವ ಇಂಗ್ಲಿಷ್ ಟೀಚರ್ ಸ್ಟಾಫ್ ರೂಮಿನ ಕಿಟಕಿ ಪಕ್ಕ ಕೂತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಸಂಜೆ ಯಾರದೋ ಆರತಕ್ಷತೆಯಂತೆ. ಪುಟ್ಟ ಶೀಶೆ, ಕೆಂಪು ಬಣ್ಣ. ಮುಚ್ಚಳ ತೆಗೆದದ್ದೇ ತಡ, ಆ ಘಾಟು ವಾಸನೆ ಕೋಣೆಯನ್ನೆಲ್ಲ ತುಂಬಿತು. ಚಿತ್ರಾನ್ನದ ಡಬ್ಬಿ ತೆರೆದಿದ್ದ ನಾನು ಮುಚ್ಚಳ ಕೈಯಲ್ಲೇ ಹಿಡಿದು ಕೂತುಬಿಟ್ಟೆ. ನನ್ನ ಮುಖ ನೋಡಿ ಆ ಹುಡುಗಿಗೆ ಗಾಬರಿಯಾಯಿತು. ಕೊಳ್ಳೇಗಾಲದಲ್ಲಿ ನನಗೆ ಶಿಸ್ತಿನ ಮೇಡಂ ಎಂಬ ಹೆಸರಿದೆ, ಅದನ್ನು ಯಾರೋ ಅವಳ ಕಿವಿಗೂ ಹಾಕಿರಬೇಕು. “ಸಾರಿ ಮೇಡಂ, ವಾಸನೆಗೆ ತಲೆನೋವು ಬಂತಾ?” ಎಂದು ಶೀಶೆ ಮುಚ್ಚಲು ಹೋದಳು. “ಇಲ್ಲಮ್ಮ, ಹಚ್ಚಿಕೋ” ಎಂದೆ. ಊಟ ಮಾತ್ರ ಸೇರಲಿಲ್ಲ.

ಬೇರೆಯವರಿಗೆ ಅದು ಮದುವೆ ಮನೆಯ ವಾಸನೆ. ನನಗೆ ಅದು ಹನೂರಿನ ಒಂದು ಅಡುಗೆಮನೆಯದು. ಅಲ್ಲಿ ಒಲೆಯ ಪಕ್ಕದ ಕಟ್ಟೆಯ ಮೇಲೆ ಬೆಸುಗೆ ಹಾಕುವ ಕಡ್ಡಿ ಹೊಗೆಯಾಡುತ್ತಿತ್ತು, ಒಂದು ಸ್ಟೀಲ್ ಟಿಫಿನ್ ಡಬ್ಬಿ ಬಾಯಿ ತೆರೆದು ಕೂತಿರುತ್ತಿತ್ತು, ಅದರ ಮುಂದೆ ಚಕ್ಕಳಬಕ್ಕಳ ಹಾಕಿಕೊಂಡು ಅಕ್ಕ...

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ. ಕೆಲಸ ಸಿಕ್ಕ ಹೊಸತರಲ್ಲಿ ನಾನು ಹನೂರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋಗಿದ್ದೆ. ಬೆಟ್ಟದ ಬಸ್ಸುಗಳು ಓಡಾಡುವ ರಸ್ತೆಯಿಂದ ಒಳಗೆ ಒಂದು ಓಣಿ, ಓಣಿಯಲ್ಲಿ ಒಂದೇ ಗೋಡೆ ಹಂಚಿಕೊಂಡ ಎರಡು ಮನೆ. ಒಂದು ನಾನು ಬಾಡಿಗೆಗೆ ಹಿಡಿದದ್ದು, ಇನ್ನೊಂದರಲ್ಲಿ ಅವಳು ಮತ್ತು ಅವಳ ಗಂಡ. ಮಕ್ಕಳಿರಲಿಲ್ಲ. ಬಂದ ಮೊದಲ ದಿನವೇ ಹುರುಳಿ ಸಾರು ತಂದುಕೊಟ್ಟು, “ನಮ್ಮೂರ್ ನೀರಿಗೆ ಬ್ಯಾಳೆ ಬೇಯಲ್ಲ ಟೀಚ್ರೇ, ಹುರುಳೀನೇ ವಾಸಿ” ಎಂದಿದ್ದಳು. ಅವತ್ತಿನಿಂದ ಅವಳು ಅಕ್ಕ, ಅವಳ ಗಂಡ ಭಾವ. ನಾನು ಮಾತ್ರ ಕೊನೆಯವರೆಗೂ ಟೀಚರಾಗಿಯೇ ಉಳಿದೆ.

ಅವಳ ತವರು ಯಳಂದೂರು. ಐಟಿಐ ಓದಿ, ಮೈಸೂರಿನಲ್ಲಿ ವೋಲ್ಟೇಜು ಅಳೆಯುವ ಮೀಟರ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಮದುವೆಗೆ ಮುಂಚೆ ಕೆಲಸಕ್ಕಿದ್ದಳು. ಸಾಲಾಗಿ ಬರುವ ಮೀಟರುಗಳನ್ನು ಒಂದೊಂದಾಗಿ ತೆಗೆದು ಸರಿಯಾದ ಅಳತೆಯ ಜೊತೆ ಹೋಲಿಸಿ ನೋಡುವುದು, ವ್ಯತ್ಯಾಸ ಇದ್ದರೆ ಒಳಗಿನ ಪ್ರಿಸೆಟ್ ಎಂಬ ಕಾಳಿನಷ್ಟು ದಪ್ಪದ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ ಸರಿಮಾಡುವುದು. ಸರಿಯಾಯಿತು ಎಂದಮೇಲೆ ಆ ತಿರುಪಿನ ತಲೆಯ ಮೇಲೆ ಒಂದು ತೊಟ್ಟು ಉಗುರುಬಣ್ಣ. ಬಣ್ಣ ಒಣಗಿದರೆ ತಿರುಪು ಅಲ್ಲಾಡುವುದಿಲ್ಲ. ಜೊತೆಗೆ, ಇದು ಸರಿಯಿದೆ, ಇನ್ನು ಯಾರೂ ಕೈ ಹಾಕಬೇಡಿ ಎಂಬ ಗುರುತು ಕೂಡ. ಮದುವೆಯಾಗಿ ಹನೂರಿಗೆ ಬರುವಾಗ ಒಂದು ಮೀಟರು, ಕೆಲಸಕ್ಕೆ ಊಟ ಒಯ್ಯುತ್ತಿದ್ದ ಟಿಫಿನ್ ಡಬ್ಬಿ, ಇವೆರಡರ ಜೊತೆ ಆ ಅಭ್ಯಾಸವನ್ನೂ ತಂದಿದ್ದಳು.

ಓಣಿಯ ಮಿಕ್ಸಿ, ರೇಡಿಯೋ, ಎಮರ್ಜೆನ್ಸಿ ದೀಪ ಎಲ್ಲ ಅವಳ ಕೈಗೇ ಬರುತ್ತಿದ್ದವು. ಯಾವುದನ್ನು ಸರಿಮಾಡಿದರೂ ಕೊನೆಗೆ ಒಂದು ಕೆಂಪು ತೊಟ್ಟು. ಭಾವ ಕೌದಳ್ಳಿಯ ಅಂಗಡಿಯಿಂದ ಒಮ್ಮೆ ಆಸೆಪಟ್ಟು ಹೆಂಡತಿಗೆಂದು ಉಗುರುಬಣ್ಣ ತಂದರೆ, ಅದೂ ಸೀದಾ ಸ್ಕ್ರೂಡ್ರೈವರ್ ಇಡುವ ಡಬ್ಬಕ್ಕೆ ಹೋಯಿತು. “ನಮ್ಮೋಳು ಉಗುರಿಗ್ ಹಾಕಳಲ್ಲ, ತಿರುಪುಗೊಳ್ಗೆ ಸಿಂಗಾರ ಮಾಡ್ತಾಳೆ” ಎಂದು ಅವರು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು.

ಭಾವ ಭಜನೆ ಮನೆಯ ಡೋಲಕ್. ಹಗಲು ಜಮೀನು, ಸೋಮವಾರ ಸಂಜೆ ಡೋಲಕ್. ಸುತ್ತಮುತ್ತಲ ಭಜನೆಯವರು, ಆಚೆ ಮುಳ್ಳೂರಿನವರು ಕೂಡ, ದೊಡ್ಡ ಭಜನೆ ಇದ್ದರೆ ಇವರನ್ನೇ ಕರೆಯಲು ಬರುತ್ತಿದ್ದರು. ನನಗೆ ಸಂಗೀತದ ಗಂಧವಿಲ್ಲ. ಆದರೂ ಗೋಡೆಯಾಚೆ ಅವರು ಅಭ್ಯಾಸಕ್ಕೆ ಕೂತರೆ ನನ್ನ ಉತ್ತರಪತ್ರಿಕೆ ತಿದ್ದುವ ಕೈ ತಾನಾಗಿ ಅವರ ನಡೆಗೆ ಹೊಂದಿಕೊಂಡುಬಿಡುತ್ತಿತ್ತು.

ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆ, ಎಣ್ಣೆ, ನಾಟಿ ಔಷಧಿ ಎಲ್ಲ ಆಯಿತು. ಮಾತು ಬಂತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು. ಬಲಗೈ ಬರಲಿಲ್ಲ. ಮಣಿಕಟ್ಟಿನಿಂದ ಸ್ವಲ್ಪ ಎತ್ತಬಹುದಿತ್ತು, ಬಿಟ್ಟರೆ ಎರಡು ಬೆರಳು ತಮ್ಮ ಭಾರಕ್ಕೆ ತಾವೇ ಬೀಳುತ್ತಿದ್ದವು, ಅಷ್ಟೇ. ಡೋಲಕ್ಕಿನ ಎಡಗಡೆಯ ದಪ್ಪ ಪೆಟ್ಟು ಅವರ ಎಡಗೈಯಲ್ಲಿ ಇದ್ದೇ ಇತ್ತು. ಬಲಗಡೆಯ ಸಣ್ಣ ಪೆಟ್ಟು ಹೋಯಿತು. ಭಜನೆ ಮನೆಗೆ ಬೇರೊಬ್ಬರು ಡೋಲಕ್ಕಿಗೆ ಬಂದರು. ಸೋಮವಾರ ಬಂದರೆ ಭಾವ ಸಂಜೆಗೆ ಮುಂಚೆ ಕಿಟಕಿ ಮುಚ್ಚಿ ಮಲಗುವುದಕ್ಕೆ ಶುರುಮಾಡಿದರು. ಭಜನೆ ಮನೆ ಎರಡು ಓಣಿ ಆಚೆ, ಕಿಟಕಿ ಮುಚ್ಚಿದರೂ ಕೇಳುತ್ತಿತ್ತು. ಅವರು ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರಂತೆ. “ನಿದ್ದೆ ಮಾಡಲ್ಲ ಟೀಚ್ರೇ. ಅವ್ರ್ ಬೆನ್ನು ನೋಡುದ್ರೆ ಗೊತ್ತಾಯ್ತದೆ” ಎಂದಿದ್ದಳು ಅಕ್ಕ.

ಅವಳು ಅಳುವ ಪೈಕಿ ಅಲ್ಲ. ಒಂದು ಶನಿವಾರ ಕೊಳ್ಳೇಗಾಲಕ್ಕೆ ಹೋಗಿ ರೇಡಿಯೋ ಅಂಗಡಿಯಿಂದ ಒಂದಷ್ಟು ಬಿಡಿಭಾಗ ತಂದಳು. ಕಾಲಿಂಗ್ ಬೆಲ್ಲಿನ ಬಜರಿನೊಳಗೆ ಇರುವಂಥ ಹಿತ್ತಾಳೆಯ ತೆಳು ಬಿಲ್ಲೆ, ಅದರ ಮೇಲೆ ಬಿಳಿ ಲೇಪ. ಆ ಬಿಲ್ಲೆಯನ್ನು ತಟ್ಟಿದರೆ ಅದು ಒಂದು ಚೂರು ವಿದ್ಯುತ್ ಕೊಡುತ್ತದೆ. ನಾನೇ ಮಕ್ಕಳಿಗೆ ಪಾಠ ಮಾಡಿದ ವಿಷಯ, ಕಣ್ಣಲ್ಲಿ ನೋಡಿದ್ದು ಅವಳ ಅಡುಗೆಮನೆಯಲ್ಲಿ. ಚಪಾತಿ ಮಣೆಯ ಮೇಲೆ ಬಿಲ್ಲೆ ಅಂಟಿಸಿ, ಮೇಲೆ ಸೈಕಲ್ ಟ್ಯೂಬಿನ ರಬ್ಬರ್ ತುಂಡು ಹಾಕಿದಳು. ಅದರಿಂದ ಎರಡು ತಂತಿ ಟಿಫಿನ್ ಡಬ್ಬಿಯೊಳಗೆ. ಡಬ್ಬಿಯೊಳಗೆ ಅವಳೇ ಬೆಸುಗೆ ಹಾಕಿದ ಸರ್ಕ್ಯೂಟು, ಒಂದು ಪುಟ್ಟ ಸ್ಪೀಕರು. ಅದರ ಕೆಲಸ ಇಷ್ಟೇ: ಬೆರಳು ಬಿಲ್ಲೆಯನ್ನು ಮುಟ್ಟಿದೊಡನೆ ಡೋಲಕ್ಕಿನ ಬಲಗಡೆಯ ‘ಟಣ್’ ಎಂಬ ಪೆಟ್ಟನ್ನು ತಾನು ನುಡಿಸಬೇಕು. ಎಡಗೈ ಅವರದ್ದು, ಬಲಗೈ ಡಬ್ಬಿಯದು. ಆ ‘ಟಣ್’ ಸರಿಬರುವ ತನಕ ಭಾವನ ಹಳೆಯ ಕ್ಯಾಸೆಟ್ಟು ಹಾಕಿಕೊಂಡು ಎಷ್ಟು ಸಂಜೆ ಕೂತಳೋ... ಮೊದಮೊದಲು ಅದು ತಟ್ಟೆ ಬಿದ್ದ ಹಾಗೆ ಕೇಳುತ್ತಿತ್ತು.

ಸದ್ದಿಗಿಂತ ಕಷ್ಟದ್ದು ಬೇರೆಯೇ ಇತ್ತು. ಹನೂರಿನಲ್ಲಿ ಲೋ ವೋಲ್ಟೇಜ್ ಎಂದರೆ ಸಂಜೆ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ಇಳಿಯುವುದು. ಅಕ್ಕನ ಲೋ ವೋಲ್ಟೇಜು ಅದಲ್ಲ. ಭಾವನ ಬೆರಳು ಬಿದ್ದಾಗ ಬಿಲ್ಲೆ ಕೊಡುತ್ತಿದ್ದದ್ದು ಒಂದು ವೋಲ್ಟಿನ ಸಾವಿರದ ಪಾಲಿನ ಲೆಕ್ಕದಲ್ಲಿ, ಮಿಲಿವೋಲ್ಟುಗಳಲ್ಲಿ. ಯಾರೂ ಮುಟ್ಟದಿದ್ದರೂ ಟ್ಯೂಬ್‌ಲೈಟಿನಿಂದ, ಪಕ್ಕದ ಮನೆಯ ಗ್ರೈಂಡರಿನಿಂದ ಮೂರು ನಾಲ್ಕು ಮಿಲಿವೋಲ್ಟು ಸುಮ್ಮನೆ ಓಡಾಡುತ್ತಿತ್ತು. ಅದನ್ನು ತಡೆಯಲೆಂದೇ ಸ್ಟೀಲ್ ಡಬ್ಬಿ, ಅದಕ್ಕೆಂದೇ ಅಳೆಯುವಾಗ ಮನೆಯ ಲೈಟೆಲ್ಲ ಆರಿಸಿ ಹಿತ್ತಿಲ ಬಾಗಿಲ ಬೆಳಕಲ್ಲಿ ಕೂರುವುದು. ಇನ್ನು ಭಾವ ಎಡಗೈಯಲ್ಲಿ ಡೋಲಕ್ ಹೊಡೆದರೆ ಅದರ ಅದುರು ಬಲತೊಡೆಯ ಮೇಲಿಟ್ಟ ಮಣೆಗೂ ಹತ್ತುತ್ತಿತ್ತು. ಎಷ್ಟು ಕಂಬಳಿ ಮಡಿಸಿ ಕೆಳಗಿಟ್ಟರೂ ಅದೊಂದು ಎಂಟು ಮಿಲಿವೋಲ್ಟು.

“ಇದು ಹೊಸ್ಲು ಇದ್ದಂಗೆ ಟೀಚ್ರೇ” ಎಂದು ಡಬ್ಬಿಯೊಳಗೆ ಹಾಕಿದ್ದ ಅಂಥದೇ ಪ್ರಿಸೆಟ್ ತಿರುಪು ತೋರಿಸಿ ಹೇಳಿದ್ದಳು. “ಬಲಗೈ ಪೆಟ್ಟು ದಾಟಿ ಒಳಕ್ ಬರ್ಬೇಕು. ಎಡಗೈ ಅದುರು ಈಚೆಗೇ ನಿಲ್ಬೇಕು. ಅಂಗ್ ನೋಡ್ಕಂಡು ಕಟ್ಬೇಕು.”

ಬೆರಳಿನ ಪೆಟ್ಟು ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ, ಮೀಟರ್ ಅದನ್ನು ಹಿಡಿಯಲಾರದು. ಅದಕ್ಕೆ ಆ ವೋಲ್ಟೇಜನ್ನು ಕ್ಷಣಕಾಲ ಹಿಡಿದಿಡುವ ಇನ್ನೊಂದು ಚಿಕ್ಕ ಸರ್ಕ್ಯೂಟನ್ನು ಕೂಡಿಸಿದ್ದಳು. ಭಾನುವಾರ ಬೆಳಿಗ್ಗೆ ನಮ್ಮ ಅಳತೆ. ಭಾವ ಬೆರಳು ಬಿಡುವುದು, ನಾನು ಮೀಟರ್ ಓದುವುದು, ಅಕ್ಕ ಸ್ಕ್ರೂಡ್ರೈವರ್ ಹಿಡಿದು ತಿರುಪು ತಿರುಗಿಸುವುದು. ಮೊದಲ ಸಲ ಮೂವತ್ತರ ಆಸುಪಾಸು ಬಂತು. ಅಕ್ಕ ತಿರುಪು ತಿರುಗಿಸಿ ಆ ಹೊಸಿಲಿನ ಗೆರೆಯನ್ನು ಇಪ್ಪತ್ತಕ್ಕೆ ಕಟ್ಟಿದಳು. ಭಾವ ಎಡಗೈಯಲ್ಲಿ ದುಂ ಎಂದರು, ಬಲಗೈ ಎತ್ತಿ ಬಿಟ್ಟರು. ಡಬ್ಬಿ ‘ಟಣ್’ ಎಂದಿತು. ಅವರು ಎರಡನೆಯ ಸಲ ಹೊಡೆಯಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಾ ಕೂತರು. ನನಗೆ ಅಲ್ಲಿರಲಾಗದೆ ಎದ್ದು ನಮ್ಮನೆಗೆ ಬಂದೆ.

ಅಭ್ಯಾಸಕ್ಕೆ ಬೆರಳು ಹಗುರಾಯಿತೋ, ಹುಮ್ಮಸ್ಸೋ, ವಾರ ವಾರ ಆ ಅಂಕಿ ಏರತೊಡಗಿತು. ನಲವತ್ತು, ಐವತ್ತು. ಡಾಕ್ಟರಿಗಿಂತ ಮುಂಚೆ ನಮಗೆ ಗೊತ್ತಾಗುತ್ತಿತ್ತು. ಅಂಕಿ ಏರಿದಂತೆ ಅಕ್ಕ ಗೆರೆಯನ್ನೂ ಏರಿಸುತ್ತಿದ್ದಳು. ಆಗ ಭಾವ ಇನ್ನಷ್ಟು ಬಲವಾಗಿ ಬಡಿಯಬೇಕಾಗುತ್ತಿತ್ತು, ಕೈಗೆ ಅದೇ ವ್ಯಾಯಾಮ. ಪೆಟ್ಟು ತಪ್ಪಿದರೆ ಡಬ್ಬಿಯನ್ನು ಬೈಯುವರು, ಬೈದು ತಾವೇ ನಗುವರು. “ಕುಣೀಲಾರ್ದವ ನೆಲ ಡೊಂಕು ಅಂದ್ನಂತೆ ಟೀಚ್ರೇ, ಬರ್ಕಳಿ, ತಪ್ಪು ನಂದೇ.” ಬಣ್ಣದ ತೊಟ್ಟು ಯಾವಾಗ ಹಾಕುತ್ತೀಯ ಎಂದು ನಾನು ಅಕ್ಕನನ್ನು ಕೇಳಿದೆ. “ಈಗ್ಲೇ ಯಾಕೆ? ಕೈ ಇನ್ನೂ ಮ್ಯಾಕೆ ಬರ್ತಾ ಅದಲ್ಲ” ಎಂದಳು. ಅವಳ ಮುಖ ಅವತ್ತು ಇದ್ದ ಹಾಗೆ ಆಮೇಲೆ ನಾನು ನೋಡಲಿಲ್ಲ.

ಭಾವ ಮತ್ತೆ ಭಜನೆ ಮನೆಗೆ ಹೋದ ಸೋಮವಾರ ಓಣಿಯವರೆಲ್ಲ ಹಿಂದೆ ಹೋದೆವು. ಡಬ್ಬಿಯ ತಂತಿಯನ್ನು ಹಾರ್ಮೋನಿಯಂ ಮೈಕಿನ ಆಂಪ್ಲಿಫೈಯರಿಗೆ ಸಿಕ್ಕಿಸಿದ್ದಾಯಿತು. ಹೊಸದಾಗಿ ಬಂದಿದ್ದ ಡೋಲಕ್ಕಿನವರು ತಾವೇ ಎದ್ದು ಜಾಗ ಬಿಟ್ಟುಕೊಟ್ಟು ತಾಳ ಹಿಡಿದರು. ಎಡತೊಡೆಗೆ ಒರಗಿಸಿದ ಡೋಲಕ್, ಬಲತೊಡೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಚಪಾತಿ ಮಣೆ. ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಮೊದಲ ಪದ ಮುಗಿಯುವ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಅಕ್ಕ ಕಂಬಕ್ಕೆ ಒರಗಿ ಕೂತು ಗಂಡನ ಮುಖವನ್ನಲ್ಲ, ಆ ಎರಡು ಬೆರಳನ್ನು ಮಾತ್ರ ನೋಡುತ್ತಿದ್ದಳು.

ಎಷ್ಟೋ ಸೋಮವಾರ ಹಾಗೆ ನಡೆಯಿತು. ಆಮೇಲೆ ಒಂದು ಭಾನುವಾರ ಮೀಟರು ಹಿಂದಿನ ವಾರಕ್ಕಿಂತ ಕಡಿಮೆ ತೋರಿಸಿತು.

ಕಾರ್ಖಾನೆ ಅವಳಿಗೆ ಒಂದು ನೇಮ ಕಲಿಸಿತ್ತು. ಅಳತೆ ತಪ್ಪಾಗಿ ಬಂದರೆ ಮೊದಲು ಮೀಟರಿನ ಮೇಲೆ ಅನುಮಾನ, ಆಮೇಲೆ ತಂತಿಯ ಮೇಲೆ, ಕಟ್ಟಕಡೆಗೆ ಅಳೆಯುವ ವಸ್ತುವಿನ ಮೇಲೆ. ಅದರಂತೆ ಬ್ಯಾಟರಿ ಬದಲಾಯಿಸಿದಳು. ಮುಂದಿನ ವಾರ ಇನ್ನೂ ಕಡಿಮೆ. ಬಿಲ್ಲೆ ಹಳತಾಯಿತು ಎಂದು ಹೊಸ ಬಿಲ್ಲೆ ಅಂಟಿಸಿದಳು. ರಬ್ಬರ್ ಗಟ್ಟಿಯಾಗಿದೆ ಎಂದು ಅದನ್ನು ಬದಲಿಸಿದಳು. ಎಲ್ಲ ಬೆಸುಗೆಯನ್ನು ಕಾಯಿಸಿ ಮತ್ತೆ ಹಾಕಿದಳು. ಚಳಿಗೆ ಹೀಗಾಗಬಹುದು ಎಂದು ಮಣೆಯನ್ನು ಬಿಸಿಲಿಗಿಟ್ಟಳು. ಪ್ರತಿ ಸಲವೂ ಅವಳ ಬಳಿ ಒಂದು ಕಾರಣವಿತ್ತು, ಆ ಕಾರಣದಲ್ಲಿ ತಪ್ಪು ಹುಡುಕಲು ನನಗೂ ಮನಸ್ಸಿರಲಿಲ್ಲ. ಕೊನೆಗೆ ಉಳಿದದ್ದು ಮೀಟರ್ ಒಂದೇ. “ಇದ್ಕೂ ವಯಸ್ಸಾಯ್ತು. ಸುಳ್ಳೇಳ್ತಾ ಅದೆ” ಎಂದಳು. ಸ್ಕೂಲಿನ ಲ್ಯಾಬಿಗೆ ಆಗಷ್ಟೇ ಹೊಸ ಮೀಟರ್ ಬಂದಿತ್ತು. ಹೆಡ್‌ಮಾಸ್ಟರಿಗೆ ಹೇಳಿ ಒಂದು ಭಾನುವಾರದ ಮಟ್ಟಿಗೆ ಅದನ್ನು ತಂದೆ.

ಹಿತ್ತಿಲ ಬಾಗಿಲಲ್ಲಿ ಎರಡೂ ಮೀಟರನ್ನು ಪಕ್ಕಪಕ್ಕ ಇಟ್ಟೆವು. ಮೊದಲು ಹೊಸ ಬ್ಯಾಟರಿ ಶೆಲ್ಲಿಗೆ ಎರಡನ್ನೂ ಹಿಡಿದೆವು. ಒಂದೇ ಅಂಕಿ. ಆಮೇಲೆ ಶೆಲ್ಲಿನ ವೋಲ್ಟೇಜನ್ನು ಹಂಚಿ ಹಂಚಿ ಮಿಲಿವೋಲ್ಟಿಗೆ ಇಳಿಸಿ ನೋಡಿದೆವು. ಆಗಲೂ ಒಂದೇ. ಅವಳ ಹಳೆಯ ಮೀಟರ್ ಚೂರೂ ಸುಳ್ಳು ಹೇಳುತ್ತಿರಲಿಲ್ಲ. ಅಕ್ಕ ಎರಡರ ತಂತಿಗಳನ್ನೂ ಸುತ್ತಿಟ್ಟಳು. ಬಹಳ ಹೊತ್ತು ಸುತ್ತಿದಳು. ಒಳಗೆ ಭಾವ ಯಾವುದೋ ಪದ ಗುನುಗುತ್ತಿದ್ದರು. “ಸರ್ಯಾಗೇ ಅದೆ ಟೀಚ್ರೇ ಮೀಟ್ರು” ಎಂದಳು, ಅಷ್ಟೇ.

ಆಮೇಲಿನ ಭಾನುವಾರಗಳಲ್ಲಿ ನಾನು ಅಂಕಿಯನ್ನು ಬಾಯಿಬಿಟ್ಟು ಓದುವುದನ್ನು ನಿಲ್ಲಿಸಿದೆ. ಮೀಟರನ್ನು ಅವಳ ಕಡೆಗೆ ತಿರುಗಿಸಿ ಹಿಡಿಯುತ್ತಿದ್ದೆ. ಅವಳು ನೋಡಿ ತಿರುಪನ್ನು ಹಿಂದಕ್ಕೆ ತಿರುಗಿಸುತ್ತಿದ್ದಳು. ಕೈ ಇಳಿದಷ್ಟು ಗೆರೆಯೂ ಇಳಿಯಿತು. ಸೋಮವಾರದ ಭಜನೆಯಲ್ಲಿ ಡಬ್ಬಿ ಎಂದಿನಂತೆ ಪೆಟ್ಟು ತಪ್ಪದೆ ನುಡಿಯುತ್ತಿತ್ತು. ಕೇಳಿದವರು ಭಾವನ ಕೈ ಮೊದಲಿನಂತೆಯೇ ಇದೆ ಎನ್ನುತ್ತಿದ್ದರು. ನನಗೆ ಅವಳ ಆ ಕೆಲಸ ಸರಿಯೋ ತಪ್ಪೋ ಎಂದು ಯೋಚಿಸಲು ಆಗಲೂ ಆಗಲಿಲ್ಲ, ಈಗಲೂ ಆಗುವುದಿಲ್ಲ. ಮೂವತ್ತಾಯಿತು, ಇಪ್ಪತ್ತಾಯಿತು, ಹದಿನೈದಾಯಿತು... ಕೆಳಗೆ ಎಂಟರಲ್ಲಿ ಎಡಗೈಯ ಅದುರು ಕಾದು ಕೂತಿತ್ತು. ಅದಕ್ಕಿಂತ ಕೆಳಗೆ ಹೋದರೆ ಡಬ್ಬಿಗೆ ಬಲಗೈ ಯಾವುದು ಎಡಗೈ ಯಾವುದು ಎಂದು ತಿಳಿಯುವ ಹಾಗೇ ಇಲ್ಲ. ಅಕ್ಕನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು.

ಕೊನೆಗೆ ಎಂಟಕ್ಕೆ ಇಳಿಸಿದ ಮರುದಿನದ ಸೋಮವಾರ. ಎರಡನೆಯ ಪದ ಏರುಗತಿಗೆ ಬಂದಿತ್ತು. ಭಾವ ಎಡಗೈಯಲ್ಲಿ ಜೋರಾಗಿ ಒಂದು ಪೆಟ್ಟು ಕೊಟ್ಟರು. ಬಲಗೈ ಇನ್ನೂ ಮೇಲೆ ಎದ್ದಿರಲಿಲ್ಲ. ‘ದುಂ’ ಜೊತೆಗೇ ‘ಟಣ್’ ಎಂದೂ ಬಂತು. ಹಾಡುತ್ತಿದ್ದವರಿಗೆ ತಿಳಿಯಲಿಲ್ಲ. ಅಕ್ಕ ಕಂಬದಿಂದ ಬೆನ್ನು ಎತ್ತಿ ನೆಟ್ಟಗೆ ಕೂತಳು. ಇನ್ನೊಂದು ಪೆಟ್ಟು, ಮತ್ತೆ ಎರಡೂ ಒಟ್ಟಿಗೆ. ಭಾವ ತಲೆ ಎತ್ತಲಿಲ್ಲ. ಒಂದು ಸುತ್ತು ಮೆಲ್ಲಗೆ ನುಡಿಸಿದರು. ಆಮೇಲೆ ಪದದ ನಡೆಯನ್ನೇ ಬದಲಾಯಿಸಿಬಿಟ್ಟರು. ‘ಟಣ್’ ಬೇಕಾದ ಕಡೆ ಎಡಗೈಯಲ್ಲಿ ಜೋರು ಪೆಟ್ಟು, ಬೇಡದ ಕಡೆ ಅಂಗೈಯಲ್ಲಿ ಒತ್ತಿ ಹಿಡಿದ ಮೆತ್ತನೆಯ ಪೆಟ್ಟು. ಬಲಗೈ ಮಣೆಯ ಮೇಲೆ ಸುಮ್ಮನೆ ಮಲಗಿತ್ತು. ಹಾಡುವವರು ಹೊಸ ನಡೆಯ ಹಿಂದೆ ಹೋದರು, ತಾಳದವರು ಖುಷಿಯಿಂದ ತಲೆಯಾಡಿಸಿದರು. ಅವತ್ತಿನಷ್ಟು ಚೆನ್ನಾಗಿ ಅವರು ನುಡಿಸಿದ್ದು ನಾನು ಕೇಳಿರಲಿಲ್ಲ. ಅಕ್ಕನ ಕಡೆ ನೋಡಲು ಧೈರ್ಯವಾಗದೆ ನಾನು ದೇವರ ಪಟ ನೋಡುತ್ತಾ ಕೂತೆ.

ಮರುದಿನ ಸ್ಕೂಲು ಬಿಟ್ಟು ಬರುವಾಗ ಅಕ್ಕನ ಮನೆ ಬಾಗಿಲು ತೆರೆದಿತ್ತು. ಡಬ್ಬಿ ಬಿಚ್ಚಿಕೊಂಡು ಕೂತಿದ್ದಳು, ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಭಾವ ಗೋಡೆಗೆ ಒರಗಿ ಕೂತಿದ್ದರು.

“ಇನ್ನೂ ಇಳಿಸ್ಬ್ಯಾಡ ಕಣಮ್ಮಿ” ಎಂದರು ಭಾವ.

ಅಕ್ಕನ ಕೈ ಹಾಗೇ ನಿಂತಿತು. ಇಳಿಸುವ ವಿಷಯ ಅವಳೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಡೋಲಕ್ ನುಡಿಸುವವನಿಗೆ ತನ್ನ ಕೈಯ ಪೆಟ್ಟು ಎಷ್ಟು ಎಂದು ಮೀಟರ್ ಬಂದು ಹೇಳಬೇಕೇ? ನಮಗೆ ಯಾಕೆ ಅದು ಹೊಳೆದಿರಲಿಲ್ಲವೋ...

“ಯಾವಾಗಿಂದ ಗೊತ್ತಿತ್ತು ನಿಮ್ಗೆ?” ಎಂದಳು ಅಕ್ಕ.

“ಯಾವಾಗ್ಲೂ ಗೊತ್ತಿತ್ತು. ನೀನು ಭಾನ್ವಾರ ಭಾನ್ವಾರ ಅದ್ನ ಸರಿಮಾಡ್ಕಂಡು ಕೂತಿರೋಳು. ನಾನೇನ್ ಹೇಳ್ಲಿ? ಇಸ್ಟೇ ಸಾಕು ಬುಡು. ಅದು ನನ್ ಎಡಗೈ ಮಾತೂ ಕೇಳ್ತದೆ. ನಾನ್ ಅದ್ರ ಮಾತು ಕೇಳ್ತೀನಿ.”

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟಳು. ಸಾಮಾನಿನ ಡಬ್ಬದಿಂದ ಕೌದಳ್ಳಿಯ ಆ ಉಗುರುಬಣ್ಣದ ಶೀಶೆ ತೆಗೆದಳು. ಅಷ್ಟು ದಿನದಿಂದ ಹಾಕದೆ ಉಳಿಸಿಕೊಂಡಿದ್ದ ತೊಟ್ಟನ್ನು ಆ ತಿರುಪಿನ ತಲೆಯ ಮೇಲೆ ಇಟ್ಟಳು. ಬಣ್ಣ ಪಕ್ಕಕ್ಕೂ ಸ್ವಲ್ಪ ಹರಿಯಿತು. ಸರಿಯಾಯಿತು ಎಂದು ಹಾಕುವ ಗುರುತು ಅದು. ಕೈ ಮೇಲೆ ಬಂದಮೇಲೆ ಹಾಕಬೇಕೆಂದು ಕಾದದ್ದು, ಇನ್ನು ಬರುವುದಿಲ್ಲ ಎಂದು ಒಪ್ಪಿಕೊಂಡ ದಿನ ಬಿತ್ತು. ಅವಳು ಆಗ ಅತ್ತಳು. ಸದ್ದು ಮಾಡದೆ, ಬಣ್ಣ ಒಣಗಲೆಂದು ಡಬ್ಬಿಯ ಮೇಲೆ ಊದುತ್ತಲೇ ಅತ್ತಳು.

ಭಾವ ಎಡಗೈ ಚಾಚಿ ಶೀಶೆ ಇಸಿದುಕೊಂಡರು. ಮೊಣಕಾಲಿನ ಸಂದಿಯಲ್ಲಿ ಅದನ್ನು ಹಿಡಿದು ಕುಂಚ ಎತ್ತಿದರು. “ಕೈ ಕೊಡಮ್ಮಿ. ಮಿಕ್ಕಿರದಾದ್ರೂ ಉಗುರಿಗ್ ಬೀಳ್ಲಿ” ಎಂದರು. “ಟೀಚ್ರು ಇಲ್ಲೇ ಅವ್ರೆ, ಸುಮ್ಕಿರಿ” ಎಂದು ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಭಾವ ಬಿಡಲಿಲ್ಲ. ಅವಳ ಕಿರುಬೆರಳ ಉಗುರಿಗೆ ಎಡಗೈಯಿಂದ ಬಣ್ಣ ಹಚ್ಚಿದರು. ಅರ್ಧ ಉಗುರಿಗೆ, ಅರ್ಧ ಚರ್ಮಕ್ಕೆ. ನಾನು ಬಾಗಿಲು ಎಳೆದುಕೊಂಡು ಬಂದೆ.

ಅದಾದ ಮೇಲೆ ಭಾವ ಆ ಒಂದೇ ಕೈಯಲ್ಲಿ ಬಹಳ ಕಾಲ ನುಡಿಸಿದರು. ಅಕ್ಕನ ಕಿರುಬೆರಳ ಬಣ್ಣ ಸವೆದರೆ ಅವರೇ ಮತ್ತೆ ಹಚ್ಚುತ್ತಿದ್ದರು, ಆ ಒಂದು ಬೆರಳಿಗೆ ಮಾತ್ರ. ಪಾತ್ರೆ ತೊಳೆದು, ಹೊಲದ ಕೆಲಸ ಮಾಡಿ ಬಿರಿದ ಆ ಕೈಗಳಲ್ಲಿ ಅದೊಂದು ಕೆಂಪು. ನಾನು ಗೇಲಿ ಮಾಡಿದರೆ, “ನಂದೂ ಸೀಲ್ ಆಯ್ತು ಟೀಚ್ರೇ, ಇನ್ಯಾರೂ ತಿರುಗ್ಸಂಗಿಲ್ಲ” ಎನ್ನುತ್ತಿದ್ದಳು.

ಎರಡನೆಯ ಸಲ ಲಕ್ವ ಹೊಡೆದಾಗ ಭಾವ ಉಳಿಯಲಿಲ್ಲ. ಹನ್ನೊಂದನೆಯ ದಿನ ಹೆಂಗಸರು ಅಕ್ಕನನ್ನು ಹಿತ್ತಿಲಿಗೆ ಕರೆದುಕೊಂಡು ಹೋದರು. ಬಳೆ ತೆಗೆಸಿದರು, ಕುಂಕುಮ ಒರೆಸಿದರು, ಹೂವು ತೆಗೆದರು. ನನಗೆ ಈ ಶಾಸ್ತ್ರದ ಮೇಲೆ ಅಂದೂ ಸಿಟ್ಟು, ಇಂದೂ ಸಿಟ್ಟು. ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳ ಕಿರುಬೆರಳು ಯಾರ ಕಣ್ಣಿಗೂ ಬೀಳಲಿಲ್ಲ. ಉಗುರುಬಣ್ಣ ತೆಗೆಯಬೇಕೆಂದು ಶಾಸ್ತ್ರ ಮಾಡಿದವರಿಗೆ ಹೊಳೆದಿರಲಿಲ್ಲ. ಅಕ್ಕ ಆ ಬೆರಳನ್ನು ಮಡಿಸಿ ಹಿಡಿದಿದ್ದಳು. ದಿನ ಕಳೆದಂತೆ ಬುಡದಿಂದ ಬಿಳಿಯ ಉಗುರು ಬೆಳೆಯುತ್ತಾ ಬಂತು, ಕೆಂಪು ತುದಿಗೆ ಸರಿಯಿತು. ಕೊನೆಗೆ ಒಂದು ದಿನ ಕತ್ತರಿಸಿದಳು. ಅದನ್ನು ಏನು ಮಾಡಿದಳು ಎಂದು ನಾನು ಕೇಳಲಿಲ್ಲ.

ನನಗೆ ಕೊಳ್ಳೇಗಾಲಕ್ಕೆ ವರ್ಗವಾಯಿತು, ಮದುವೆಯಾಯಿತು. ಅಕ್ಕ ಮನೆ ಬೀಗ ಹಾಕಿ ಯಳಂದೂರಿಗೆ, ತಮ್ಮನ ಮನೆಗೆ ಹೋದಳು. ಅಲ್ಲಿಯೂ ಓಣಿಯ ಮಿಕ್ಸಿ, ರೇಡಿಯೋ ಅವಳ ಕೈಗೇ ಬರುತ್ತಿದ್ದವಂತೆ. ನಾನು ಹೋದಾಗಲೆಲ್ಲ ಬಸ್ ಸ್ಟ್ಯಾಂಡಿನವರೆಗೆ ಬಂದು ಬಿಟ್ಟುಹೋಗುತ್ತಿದ್ದಳು. ಭಾವನ ಮಾತು ಇಬ್ಬರೂ ಎತ್ತುತ್ತಿರಲಿಲ್ಲ. ಕಳೆದ ಮಳೆಗಾಲ ಜ್ವರ ಎಂದು ಮಲಗಿದವಳು ಏಳಲಿಲ್ಲ. ತಮ್ಮನ ಮಗಳು ಒಂದು ಬಟ್ಟೆಯ ಚೀಲ ತಂದುಕೊಟ್ಟು, “ಅತ್ತೆ ಇದ ನಿಮ್ಗೇ ಕೊಡ್ಬೇಕು ಅಂದಿದ್ರು ಮೇಡಂ” ಎಂದಳು. ಚೀಲ ಹಿಡಿದಾಗಲೇ ಒಳಗಿನದು ಏನೆಂದು ನನ್ನ ಕೈಗೆ ತಿಳಿಯಿತು. ಬೀರುವಿನ ಮೇಲಿಟ್ಟೆ. ಮೊನ್ನೆಯವರೆಗೂ ಬಿಚ್ಚಲಿಲ್ಲ.

ಮೊನ್ನೆ ಸ್ಕೂಲಿನಿಂದ ಬಂದವಳು ಕೈಕಾಲು ಕೂಡ ತೊಳೆಯದೆ ಕುರ್ಚಿ ಹತ್ತಿ ಚೀಲ ಇಳಿಸಿದೆ. ಡಬ್ಬಿ, ಮಣೆ, ಹಳೆಯ ಮೀಟರ್. ದಾರಿಯಲ್ಲಿ ಬ್ಯಾಟರಿ ತಂದಿದ್ದೆ, ಡಬ್ಬಿಗೂ ಮೀಟರಿಗೂ ಹಾಕಿದೆ. ಮನೆಯಲ್ಲಿ ಯಾರೂ ಇರಲಿಲ್ಲ. ಅಭ್ಯಾಸಬಲದಿಂದ ಎದ್ದು ಟ್ಯೂಬ್‌ಲೈಟ್ ಆರಿಸಿ ಬಾಗಿಲ ಬೆಳಕಿಗೆ ಕೂತೆ. ಕೆಂಪು ತೊಟ್ಟು ಕಂದು ಬಣ್ಣಕ್ಕೆ ತಿರುಗಿದೆ, ಬಿಟ್ಟುಕೊಂಡಿಲ್ಲ. ಪಕ್ಕಕ್ಕೆ ಹರಿದದ್ದೂ ಹಾಗೇ ಇದೆ. ತಿರುಪಿನ ಗೆರೆಗೆ ಮೀಟರ್ ಹಿಡಿದು ನೋಡಿದೆ. ಎಂಟು. ಅವಳ ನೇಮದ ಪ್ರಕಾರ ಮೊದಲು ಮೀಟರಿನ ಮೇಲೆ ಅನುಮಾನ ಪಡಬೇಕಿತ್ತು. ನಾನು ಪಡಲಿಲ್ಲ.

ಮಣೆಯನ್ನು ಮುಂದಿಟ್ಟುಕೊಂಡೆ. ಬೆರಳು ಎತ್ತಿದವಳು ಬಡಿಯದೆ ಇಳಿಸಿದೆ. ನನ್ನ ಕೈ ಗಟ್ಟಿಮುಟ್ಟಾಗಿದೆ, ಐವತ್ತಲ್ಲ, ನೂರು ಮಿಲಿವೋಲ್ಟಾದರೂ ಕೊಡುತ್ತದೆ. ಆ ಗೆರೆ ನನ್ನಂಥವರಿಗೆ ಕಟ್ಟಿದ್ದಲ್ಲ. ಕೈಕಟ್ಟಿ ಕೂತೆ. ಅಕ್ಕ ಇಲ್ಲ ಎಂಬುದು ಆಗ ನನಗೆ ಮೊದಲ ಸಲ ಸರಿಯಾಗಿ ತಟ್ಟಿತು.

ರಸ್ತೆಯಲ್ಲಿ ಬೆಟ್ಟದ ಕಡೆ ಹೋಗುವ ಬಸ್ಸೊಂದು ಹಾದುಹೋಯಿತು. ನೆಲ ಅದುರಿದ್ದು ನನಗೆ ಗೊತ್ತೂ ಆಗಲಿಲ್ಲ. ಡಬ್ಬಿಗೆ ಗೊತ್ತಾಯಿತು. ಒಂದೇ ಸಲ, ಮೆಲ್ಲಗೆ, ‘ಟಣ್’ ಎಂದಿತು.

ಬ್ಯಾಟರಿ ತೆಗೆದಿಡಬೇಕಿತ್ತು, ಇಲ್ಲದಿದ್ದರೆ ಸುಮ್ಮನೆ ಖರ್ಚಾಗುತ್ತದೆ. ತೆಗೆಯಲಿಲ್ಲ. ಅದು ಮುಗಿಯುವ ತನಕ ಡಬ್ಬಿ ಮುಂದಿನ ಬಸ್ಸಿಗೆ ಕಾಯಲಿ ಎಂದು ಮಣೆಯನ್ನು ರಸ್ತೆ ಕಡೆಯ ಕಿಟಕಿ ಪಕ್ಕ ಇಟ್ಟು, ಕಾಲು ತೊಳೆಯಲು ಎದ್ದೆ.